ಒಂಬತ್ತನೆಯ ಸಾಲು

ಆ ಕ್ರೈಸ್ತ ಸಭೆಯ ಇತಿಹಾಸದಲ್ಲಿ ಅಂಥ ಗಂಡಾಂತರ ಹಿಂದೆಂದೂ ಒದಗಿರಲಿಲ್ಲ: ಬುಧವಾರದ ಪ್ರಾರ್ಥನೆಯ ಪಟ್ಟಿ ಒಂದು ಹಾಳೆಯಲ್ಲಿ ಹಿಡಿಯದೆ ಎರಡನೆಯ ಹಾಳೆಗೆ ಮೂರು ಸಾಲು ಚಾಚಿಕೊಂಡಿತ್ತು. ವಿಷಯದ ಗಾಂಭೀರ್ಯವನ್ನು ಮನಗಂಡ ಹಿರಿಯರು ಎರಡು ಸಲ ಕೂಡಿ, ಒಂದು ಸಲ ಕೂಗಾಡಿ, ಮೂರು ಬೇಡಿಕೆಗಳನ್ನು ಹೊಡೆದುಹಾಕುವುದೆಂದು ತೀರ್ಮಾನಿಸಿದರು. ಅಕ್ಷರ ಸಣ್ಣದು ಮಾಡಬಹುದಲ್ಲ ಎಂದ ಒಬ್ಬರನ್ನು ಕನ್ನಡಕ ಹಾಕಿದವರೆಲ್ಲ ಸೇರಿ ಸುಮ್ಮನಾಗಿಸಿದರು.

ಪಟ್ಟಿಯ ಒಂಬತ್ತನೆಯ ಸಾಲು 'ಒಬ್ಬ ಸಹೋದರಿಯ ಸ್ವಂತ ವಿಷಯ.' ಏಳು ವರ್ಷದಿಂದ ಅಲ್ಲೇ ಬೀಡುಬಿಟ್ಟಿತ್ತು. ಅದರ ಮೇಲೆ ಕೆಳಗೆ ಇದ್ದ ಜ್ವರಗಳು ಇಳಿದವು, ಹೆರಿಗೆಗಳು ಆದವು, ಹಾರಿಹೋಗಿದ್ದ ಕೆಲಸಗಳು ಮರಳಿ ಸಿಕ್ಕವು. ಇದು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಅದು ಮೂಲವ್ಯಾಧಿಯೆಂದು ಸಭೆಯ ಅರ್ಧ ಜನರ ಅಂದಾಜು, ಎರಡನೆಯ ಮದುವೆಯ ಆಸೆಯೆಂದು ಉಳಿದರ್ಧದ್ದು.

ಸಹೋದರಿ ಎಂದರೆ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಹೊದಿಕೆಗಳಿಗೆ ತೇಪೆ ಹಾಕುವ, ರೋಗಿಗಳ ಅಂಗಿಗೆ ಲಾಡಿ ಹೊಲಿಯುವ ವಿಧವೆ. ಆಕೆ ಕೇಳುತ್ತಿದ್ದದ್ದು ಇಷ್ಟೇ: ಒಬ್ಬ ಮನುಷ್ಯನನ್ನು ಕ್ಷಮಿಸುವ ಮನಸ್ಸು ಕೊಡು. ಆ ಮನುಷ್ಯ ಬೇರೆ ಯಾರೂ ಅಲ್ಲ, ಪ್ರತಿ ಬುಧವಾರ ಎದುರು ನಿಂತು, ಗಂಟಲು ಸರಿಮಾಡಿಕೊಂಡು, ಒಂಬತ್ತನೆಯ ಸಾಲನ್ನು ಭಕ್ತಿಯಿಂದ ಓದುವ ಸಭೆಯ ಕಾರ್ಯದರ್ಶಿ.

ಅವರು ಹಿಂದೆ ತಗಡಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಕೆಲಸ ಬೇಗ ಸಾಗಲೆಂದು ಕತ್ತರಿಸುವ ಯಂತ್ರಕ್ಕೆ ಕೈ ಸಿಗದಂತೆ ಹಾಕಿದ್ದ ಗಾರ್ಡು ಬಿಚ್ಚಿಸಿದವರು ಅವರೇ. ಆಕೆಯ ಗಂಡನ ಬಲಗೈ ಮಣಿಕಟ್ಟಿನವರೆಗೆ ಹೋದ ದಿನ, ವರದಿಯಲ್ಲಿ 'ಕೆಲಸಗಾರನ ಅಜಾಗರೂಕತೆ' ಎಂದು ದುಂಡಗೆ ಬರೆದು ರುಜು ಹಾಕಿದವರೂ ಅವರೇ. ಆಮೇಲೆ ಕಿತ್ತಳೆ ಹಣ್ಣು ತಂದು, ಮಂಚದ ಪಕ್ಕ ಕೂತು ಕಣ್ಣೀರಿಟ್ಟರು. ಸುಳ್ಳು ಕಣ್ಣೀರಲ್ಲ, ತಾವು ಬರೆದದ್ದನ್ನು ತಾವೇ ನಂಬಿಬಿಟ್ಟಿದ್ದರು. ಅದಕ್ಕಿಂತ ಕೆಟ್ಟದ್ದೆಂದರೆ, ಗಂಡನೂ ನಂಬಿದ. ಸಾಯುವ ಮುಂಚಿನ ಎರಡು ವರ್ಷ ಗೋಡೆ ನೋಡುತ್ತ, "ಗಾರ್ಡು ಇಲ್ಲ ಅಂತ ಗೊತ್ತಿತ್ತಲ್ಲ, ನಾನೇ ಹುಷಾರಾಗಿರಬೇಕಿತ್ತು ಕಣೇ" ಎನ್ನುತ್ತಿದ್ದ.

ಬೆಳಗಿನ ಐದಕ್ಕೆ ಆಕೆ ಮಂಚದ ಅಂಚಿನಲ್ಲಿ ಮೊಣಕಾಲೂರಿದರೆ, ಅದೇ ಕೋಣೆಯಲ್ಲಿ ಮಲಗುವ ನಾದಿನಿ ದಿಂಬಿನೊಳಗಿಂದ ಗೊಣಗುವಳು.

"ಅತ್ತಿಗೆ, ಏಳು ವರ್ಷದಿಂದ ಅದೇ ರಾಗ. ದೇವರಿಗೆ ಕಿವಿ ಕೇಳಿಸ್ತಿಲ್ವೋ, ನಿಂಗೆ ಉತ್ತರ ಅರ್ಥ ಆಗ್ತಿಲ್ವೋ?"

"ನೀನು ಮಲ್ಕೊಳೇ."

"ಮಲಗೋಕೆ ಬಿಟ್ರೆ ತಾನೆ! ನಮ್ಮಣ್ಣನ ಕೈ ತಿಂದವನಿಗೋಸ್ಕರ ನನ್ನ ನಿದ್ದೆನೂ ಹೋಗ್ಬೇಕಾ? ಕ್ಷಮಿಸಿದೀನಿ ಅಂತ ಒಂದು ಮಾತು ಹೇಳಿ ಮುಗಿಸು. ಒಳಗೆ ಯಾರು ಇಣುಕಿ ನೋಡ್ತಾರೆ?"

"ಯಾರ ಹತ್ರ ಹೇಳ್ಬೇಕೋ ಅವನೇ ನೋಡ್ತಾನಲ್ಲ."

ನಾದಿನಿ ಮುಸುಕೆಳೆದುಕೊಂಡಳು.

ನಾದಿನಿಗೂ ಹೇಳದ ಭಯವೊಂದು ಆಕೆಗಿತ್ತು. ಕೇಳುವುದನ್ನು ನಿಲ್ಲಿಸಿದ ದಿನ ದ್ವೇಷವೇ ತನಗೆ ಹಾಯೆನಿಸಿಬಿಡುತ್ತದೆ. ಈಗಲೇ ಕೆಲವು ಬುಧವಾರ, ಕಾರ್ಯದರ್ಶಿ ಹಾಳೆ ಹಿಡಿದು ನಿಂತಾಗ ಆ ಬಲಗೈಯ ಐದು ಬೆರಳನ್ನೇ ನೋಡುತ್ತ ಕೂತುಬಿಡುತ್ತಿದ್ದಳು. ಸುತ್ತಲಿನವರ ಆಮೆನ್ ಕಿವಿಗೆ ಬೀಳುತ್ತಿರಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ಕಾರ್ಯದರ್ಶಿ ಆಕೆಯನ್ನು ಪಕ್ಕದ ಕೋಣೆಗೆ ಕರೆದರು. ಮೇಜಿನ ಮೇಲೆ ಪಟ್ಟಿ, ಕೈಯಲ್ಲಿ ಕೆಂಪು ಪೆನ್ಸಿಲು. ಎರಡು ಸಾಲು ಆಗಲೇ ಹೋಗಿದ್ದವು: ವಾಸಿಯಾದ ಒಂದು ಕೆಮ್ಮು, ತೀರಿಕೊಂಡ ಒಬ್ಬ ತಾತ.

"ಅಕ್ಕಾ, ತಪ್ಪು ತಿಳೀಬೇಡಿ. ಏಳು ವರ್ಷ ಒಂದು ವಾರ ತಪ್ಪದೆ ಓದಿದೀನಿ. ಏನಾದ್ರೂ ಉತ್ತರ ಬಂತಾ?"

"ಇಲ್ಲ."

"ಕಾಯಿಲೆನಾ?"

"ಒಬ್ಬ ಮನುಷ್ಯನ ವಿಷಯ."

"ಹಾಗಾದ್ರೆ ಬಿಟ್ಬಿಡಿ ಅಕ್ಕಾ. ಕೆಲವರು ಸಾಯೋ ತನಕ ಬದಲಾಗಲ್ಲ."

"ಬದಲಾಗ್ಬೇಕಾಗಿರೋದು ನಾನು."

ಪೆನ್ಸಿಲು ಸಾಲಿನ ಮೇಲೆ ನಿಂತಿತು. ಎಲ್ಲವೂ ಆಕೆಯ ನಾಲಿಗೆಯ ತುದಿಗೆ ಬಂತು: ಗಾರ್ಡು, ವರದಿ, ಕಿತ್ತಳೆ. ಹೇಳಿದರೆ ಈ ಮನುಷ್ಯ ಇಲ್ಲೇ ಕುಸಿಯುತ್ತಾರೆಂದು ಗೊತ್ತಿತ್ತು. ಕುಸಿಯುವುದನ್ನು ಕಣ್ತುಂಬ ನೋಡುವ ಆಸೆ ಎಷ್ಟಿತ್ತೆಂದರೆ ಆಕೆಗೇ ಹೆದರಿಕೆಯಾಯಿತು. ಎಂದಾದರೂ ಹೇಳಬೇಕು, ಆದರೆ ಈ ಆಸೆ ಇಟ್ಟುಕೊಂಡು ಹೇಳಬಾರದು ಎಂದು ತುಟಿ ಕಚ್ಚಿದಳು.

"ಹೊಡೀಬೇಡಿ," ಎಂದಳು. "ನಾನೊಬ್ಬಳೇ ಕೇಳಿದ್ರೆ ಸಾಲ್ತಿಲ್ಲ."

"ಅಯ್ಯೋ, ಅಳಬೇಡಿ ಅಕ್ಕಾ." ಕಾರ್ಯದರ್ಶಿ ಪೆನ್ಸಿಲನ್ನು ಕೆಳಗಿಳಿಸಿ, ಹದಿನಾಲ್ಕನೆಯ ಸಾಲಿಗೆ ಗೀಟೆಳೆದರು. ಅದು ಅವರದೇ ಮೊಣಕಾಲು ನೋವು. "ಇದು ಹೇಗೂ ಹೋಗೋ ನೋವಲ್ಲ. ನಿಮ್ಮದೇ ಇರ್ಲಿ."

ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಅದನ್ನೇ ಆಕೆಗೆ ಸಹಿಸಲಾಗಲಿಲ್ಲ. ಪೂರ್ತಿ ಕೆಟ್ಟವನಾಗಿರುವಷ್ಟು ಸೌಜನ್ಯವೂ ಈ ಮನುಷ್ಯನಿಗಿಲ್ಲವಲ್ಲ ಎಂದುಕೊಳ್ಳುತ್ತ ಮನೆಗೆ ಬಂದಳು.

"ಏನಂತೆ?" ಎಂದಳು ನಾದಿನಿ.

"ನನ್ನ ಸಾಲು ಉಳಿಸಿ, ತಮ್ಮ ಮೊಣಕಾಲು ಬಿಟ್ಟುಕೊಟ್ರು."

"ಕೈ ತಗೊಂಡು ಮೊಣಕಾಲು ಕೊಟ್ನಾ? ಧಾರಾಳಿ ಬಿಡು!"

ಇಬ್ಬರೂ ನಕ್ಕರು. ಆಕೆಯ ನಗು ಮೊದಲು ನಿಂತಿತು.

ಬುಧವಾರ ಕಾರ್ಯದರ್ಶಿ ಎಂದಿಗಿಂತ ನಿಧಾನವಾಗಿ, ಒಂದೊಂದು ಪದಕ್ಕೂ ತೂಕ ಕೊಟ್ಟು ಒಂಬತ್ತನೆಯ ಸಾಲು ಓದಿದರು. ಎಲ್ಲರೂ ತಲೆ ಬಾಗಿಸಿದರು. ಆಕೆ ಕಣ್ಣು ಮುಚ್ಚಿ, "ಕರ್ತನೇ, ಇವರನ್ನು..." ಎಂದಳು. ಗೋಡೆ ನೋಡುತ್ತ ಕೂತ ಗಂಡ ಕಂಡ. ಮುಂದಿನ ಮಾತು ಹೊರಡಲಿಲ್ಲ. ಅಷ್ಟರಲ್ಲಿ ಕಾರ್ಯದರ್ಶಿ ಹತ್ತನೆಯ ಸಾಲಿಗೆ ಹೋಗಿದ್ದರು.

ಆ ವಾರವೂ ಆಕೆಗೆ ಅವರನ್ನು ಕ್ಷಮಿಸಲಾಗಲಿಲ್ಲ. ಗುರುವಾರ ಐದಕ್ಕೆ ಎದ್ದು ಮತ್ತೆ ಕೇಳಿದಳು.