ಊಟವಾದ ಮೇಲೆ ಓಡಿಸುವ ಟೆಸ್ಟು

ಹಾಜರಿ ಯಂತ್ರದ ಕೋಡು ಸರಿಯೇ ಎಂದು ನೋಡುವ ಟೆಸ್ಟು, ಪರದೆಯ ಮೂಲೆಯಲ್ಲಿ ಹಸಿರು ಗೆರೆ, ಮತ್ತೆ ಓಡಿಸಿದರೂ ಹಸಿರೇ, ಹಗಲಲ್ಲವೆ, ಹಗಲಲ್ಲಿ ಎಲ್ಲವೂ ಪಾಸು — ಅವಳ ಬೆರಳು ಕೀಲಿಮಣೆಯ ಮೇಲೆ ನಿಂತಿತು, ಚಿಕ್ಕಮ್ಮನ ಹೆಬ್ಬೆರಳು ಕಣ್ಣಿಗೆ ಬಂತು, ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು ಗೆರೆ ಸವೆದದ್ದು, ಹಾಜರಿ ಯಂತ್ರದ ಗಾಜಿಗೆ ಒತ್ತಿ, ತೋಳಿಗೆ ಒರೆಸಿ, ಮತ್ತೆ ಒತ್ತುವ ಹೆಬ್ಬೆರಳು. ರಾತ್ರಿಯೆಲ್ಲಾ ದುಡಿದಿದ್ದೀನಿ ಕಣೇ, ನಿಮ್ಮ ಕಂಪ್ಯೂಟರು ನಾನು ಬಂದೇ ಇಲ್ಲ ಅನ್ನತ್ತೆ, ನಾನೇನು ದೆವ್ವಾನಾ? ಚಿಕ್ಕಮ್ಮ ನಕ್ಕೇ ಅಂದಿದ್ದಳು, ಇನ್ನೊಂದು ಗೈರು ಬಿದ್ದರೆ ಮನೆಗೆ ಕಳಿಸುತ್ತಾರೆ, ಇವತ್ತೂ ರಾತ್ರಿ ಪಾಳಿ, ಚಿಕ್ಕಮ್ಮನ ಗೋದಾಮಿನಲ್ಲಿ ಈಗಾಗಲೇ ಓಡುತ್ತಿರುವ ಇದೇ ಕೋಡು ಸಂಜೆಗೆ ಊರಿನ ಎಲ್ಲ ಗೋದಾಮುಗಳಿಗೂ ಹೊರಡುತ್ತದೆ. ತಪ್ಪು ಸವೆದ ಗೆರೆಯದಲ್ಲ, ಹೊರಗೆ ಹೋಗುವವರನ್ನು ಕಂಡಾಗ ಕೋಡು ಯಂತ್ರದ ಗಡಿಯಾರವನ್ನೇ ಕೇಳುತ್ತದೆ, ಇವತ್ತು ಯಾವ ತಾರೀಖು, ಆ ತಾರೀಖಿಗೆ ಒಳಬಂದವರನ್ನಷ್ಟೇ ಹುಡುಕುತ್ತದೆ, ನಿನ್ನೆ ರಾತ್ರಿ ಬಂದವಳು ಅದರ ಪಾಲಿಗೆ ಹುಟ್ಟಿಯೇ ಇಲ್ಲ — ಟೆಸ್ಟೂ ಅದೇ ಗಡಿಯಾರಕ್ಕೆ ಜೋತುಬಿದ್ದಿದೆ, ಕೆಲವು ಗಂಟೆ ಹಿಂದೆ ಬಂದವರನ್ನು ಈ ಹೊತ್ತಿಗೆ ಹೊರಗೆ ಕಳಿಸಿ ನೋಡುತ್ತದೆ, ಹಿಂದೊಮ್ಮೆ ಯಾರೋ ನಡುರಾತ್ರಿ ದಾಟಿದ ಮೇಲೆ ಓಡಿಸಿದಾಗ ಕೆಂಪಾಗಿತ್ತಂತೆ, ಪುಣ್ಯಾತ್ಮ ಕೋಡು ತಿದ್ದಲಿಲ್ಲ, ಟೆಸ್ಟಿನ ಮೇಲೊಂದು ಸಾಲು ಬರೆದ: ಮಧ್ಯಾಹ್ನ ಊಟವಾದ ಮೇಲೆ ಓಡಿಸಿ. ಅಂದಿನಿಂದ ಅದೇ ಪದ್ಧತಿ. ಊಟ ಆಯ್ತಲ್ಲ ಮೇಡಂ, ಓಡಿಸಿ ಕಳಿಸಿಬಿಡಿ, ಎಲ್ಲದಕ್ಕೂ ಒಂದು ಮುಹೂರ್ತ ಅಂತ ಇರತ್ತೆ, ತಂಡದ ಮುಖ್ಯಸ್ಥ ಹಲ್ಲು ಕಿರಿದ — ಹಗಲು ನಿಮ್ಮದು, ಊಟದ ಹೊತ್ತು ನಿಮ್ಮದು, ಗಡಿಯಾರವೂ ನಿಮ್ಮಪ್ಪನ ಮನೆಯದೇ! ಒಳಗೇ ಬೈದುಕೊಂಡು ಕಿತ್ತಳು, ಕೋಡಿನ ಹೊಟ್ಟೆಯೊಳಗಿನ ಗಡಿಯಾರವನ್ನು ಕಿತ್ತು ಹೊರಗಿಟ್ಟಳು, ಇನ್ನು ಮೇಲೆ ಹೊತ್ತು ಎಷ್ಟೆಂದು ಹೊರಗಿನವರು ಕೈಗೆ ಕೊಡಬೇಕು, ಗೋದಾಮಿಗೆ ನಿಜದ ಗಡಿಯಾರ, ಟೆಸ್ಟಿಗೆ ಅವಳು ಹೇಳಿದಂತೆ ಕೇಳುವ ಗಡಿಯಾರ, ನಿಲ್ಲೆಂದರೆ ನಿಲ್ಲುವುದು, ಓಡೆಂದರೆ ಓಡುವುದು. ಟೆಸ್ಟಿನ ಕತ್ತಲಲ್ಲಿ ಒಬ್ಬಳು ಒಳಗೆ ಬಂದಳು, ಮುಳ್ಳು ನಡುರಾತ್ರಿ ದಾಟಿತು, ನಸುಕಿನಲ್ಲಿ ಹೊರಟಳು, ಕಿಟಕಿಯಲ್ಲಿ ಉರಿಬಿಸಿಲು, ಓಡಿಸಿದಳು — ಕೆಂಪು. ಏನ್ರೀ ಇದು, ಈಗ ತಾನೇ ಹಸಿರಿತ್ತು, ಏನ್ ಮಾಡಿದ್ರಿ? ರಾತ್ರಿ ಮಾಡಿದೆ ಸರ್. ತಮಾಷೆ ಸಾಕು, ತೆಗೀರಿ ಆ ಟೆಸ್ಟನ್ನ, ಸಂಜೆ ಕಳಿಸಬೇಕು, ಕೆಲಸ ಬೇಕೋ ಬೇಡವೋ? ಕತ್ತಿನ ಹಿಂದೆ ಮುಖ್ಯಸ್ಥನ ಉಸಿರು ಬಿಸಿ, ಒಂದು ಕೀಲಿ ಒತ್ತಿದರೆ ಟೆಸ್ಟು ಅಳಿಯುತ್ತದೆ, ಇನ್ನೊಂದು ಒತ್ತಿದರೆ ಎಲ್ಲರ ಕೋಡಿಗೂ ಸೇರುತ್ತದೆ, ಕೆಂಪಿರುವ ತನಕ ಏನೂ ಹೊರಹೋಗಬಾರದು, ಕಂಪನಿಯದೇ ನಿಯಮ — ಒತ್ತಿದಳು, ಸಾಲಾಗಿ ಮೇಜು ಮೇಜಿನ ಮೇಲೂ ಕೆಂಪು, ಅವನು ಏನೋ ಕೂಗುತ್ತಿದ್ದಾನೆ, ಕೇಳಿಸುತ್ತಿಲ್ಲ, ಬೆಳಗಾಗುವುದರೊಳಗೆ ಕೋಡು ತಿದ್ದುತ್ತಾರೋ ಇಲ್ಲವೋ, ಬೆಳಗಾದರೆ ಚಿಕ್ಕಮ್ಮನಿಗೆ ಆ ಬಾಗಿಲು, ಆ ಗಾಜು, ಒತ್ತಿ, ತೋಳಿಗೆ ಒರೆಸಿ, ಮತ್ತೆ ಒತ್ತಿದ ಹೆಬ್ಬೆರಳು —