ಯಂತ್ರ ಮಲಗಿಸುವವನ ಪಾಡು

ಆಫೀಸಿನಲ್ಲಿ ಅವನನ್ನು ಎಲ್ಲರೂ ಜೋಗುಳ ಎಂದೇ ಕರೆಯುತ್ತಿದ್ದರು. ಕೆಲಸವಿಲ್ಲದ ಹೊತ್ತಿನಲ್ಲಿ ಪ್ರೊಸೆಸರನ್ನು ಮಲಗಿಸುವುದೇ ಅವನ ಉದ್ಯೋಗ. ಅದೇನು ಮಹಾ ಎನ್ನಬೇಡಿ. ಆ ನಿದ್ದೆಯಲ್ಲೂ ಮೂರು ಬಗೆ: ತೂಕಡಿಕೆ, ಮಂಪರು, ಗಾಢನಿದ್ದೆ. ಗಾಢವಾದಷ್ಟೂ ಬ್ಯಾಟರಿ ಉಳಿಯುತ್ತದೆ, ಆದರೆ ಏಳಲು ಹೊತ್ತು ಹಿಡಿಯುತ್ತದೆ. ಮುಂದಿನ ಕೆಲಸ ಯಾವಾಗ ಬರಬಹುದೆಂದು ಅಂದಾಜು ಮಾಡಿ ಯಾವ ನಿದ್ದೆಗೆ ಕಳಿಸಬೇಕೆಂದು ನಿರ್ಧರಿಸುವುದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್. ಆ ಕರ್ನಲ್‌ಗೆ ಬುದ್ಧಿ ಹೇಳುವವನು ನಮ್ಮ ಜೋಗುಳ.

ಈಗ ಅವನ ಮಾನ ಹೋಗುವ ಕಾಲ ಬಂದಿತ್ತು. ರೋಗಿಗಳ ಕೈಗೆ ಕಟ್ಟುವ ಪುಟ್ಟ ಯಂತ್ರವೊಂದು ಹತ್ತು ನಿಮಿಷಕ್ಕೊಮ್ಮೆ ಎದ್ದು, ನಾಡಿ ನೋಡಿ, ಮತ್ತೆ ಮಲಗಬೇಕು. ಒಂದು ಚಾರ್ಜಿಗೆ ಮೂರು ದಿನ ಬಾಳಬೇಕು. ಸೋಮವಾರ ಹನ್ನೊಂದಕ್ಕೆ ತೋರಿಸದಿದ್ದರೆ ಅವನ ಆರು ತಿಂಗಳ ಕೆಲಸ ಕಸದ ಬುಟ್ಟಿಗೆ, ಅವನು ಪ್ರಿಂಟರ್ ವಿಭಾಗಕ್ಕೆ ಎಂದು ಮೇಲಧಿಕಾರಿ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು. ಹಾಳಾದ್ದು, ಯಂತ್ರ ಒಂದು ದಿನವೂ ಬಾಳುತ್ತಿರಲಿಲ್ಲ.

ಗುರುವಾರ ಮನೆಯಿಂದಲೇ ಕೆಲಸ ಮಾಡುತ್ತ ಜೋಗುಳ ತಲೆ ಕೆರೆದುಕೊಂಡ. ಯಂತ್ರ ಯಾವ ನಿದ್ದೆಯಲ್ಲಿದೆ ಎಂದು ಸೆಕೆಂಡಿಗೊಮ್ಮೆ ನೋಡಿ ಬರೆದಿಡುವ ಕಾವಲು ಪ್ರೋಗ್ರಾಮನ್ನು ಅವನೇ ಬರೆದಿದ್ದ. ಅದರ ವರದಿಯಲ್ಲಿ ಗಾಢನಿದ್ದೆಯ ಸುಳಿವೇ ಇಲ್ಲ. ಕಾವಲು ಸಾಲದೇನೋ ಎಂದು ಸೆಕೆಂಡಿಗೆ ಹತ್ತು ಸಲ ನೋಡಿಸಿದ. ಬ್ಯಾಟರಿ ಊಟದ ಹೊತ್ತಿಗೇ ಮಲಗಿತು, ಯಂತ್ರ ಮಾತ್ರ ಮಲಗಲಿಲ್ಲ.

ಪಕ್ಕದ ಕೋಣೆಯಲ್ಲಿ ಅವನ ಅತ್ತೆ ಮಗುವನ್ನು ಮಲಗಿಸುತ್ತಿದ್ದರು. ಹೆಂಡತಿ ಕೆಲಸಕ್ಕೆ ಹೋಗುವಾಗ ಮಗುವನ್ನು ನೋಡಿಕೊಳ್ಳಿ ಎಂದಿದ್ದಳಲ್ಲ, ಈ ಮಹಾರಾಯ ಐದೈದು ನಿಮಿಷಕ್ಕೆ ಬಾಗಿಲು ತೆರೆದು, ಬಗ್ಗಿ, ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದ. ನಾಲ್ಕನೇ ಸಲ ಮಗು ಕಿಟಾರನೆ ಕಿರುಚಿತು. ಅತ್ತೆಯ ತಾಳ್ಮೆ ಅಲ್ಲಿಗೆ ಮುಗಿಯಿತು.

“ಅಲ್ಲ ಅಳಿಯಂದ್ರೇ, ನೀವು ಬಂದು ಬಂದು ನೋಡಿದ್ರೆ ಅದು ಮಲಗೋದು ಯಾವಾಗ?”

ಜೋಗುಳನಿಗೆ ತಟ್ಟನೆ ತನ್ನ ಯಂತ್ರ ನೆನಪಾಯಿತು. ನೋಡಬೇಕಾದರೆ ಕಾವಲು ಪ್ರೋಗ್ರಾಮ್ ಓಡಬೇಕು, ಅದು ಓಡಬೇಕಾದರೆ ಪ್ರೊಸೆಸರ್ ಎದ್ದಿರಬೇಕು. ಇಷ್ಟು ದಿನ ಅದನ್ನು ತಟ್ಟಿ ಎಬ್ಬಿಸಿ, ಏಕೆ ಮಲಗಿಲ್ಲ ಎಂದು ಬೈಯುತ್ತಿದ್ದವನು ತಾನೇ. ಅತ್ತೆಯ ಕಾಲಿಗೆ ಬೀಳಲು ಬಗ್ಗಿದ. ಮತ್ತೆ ಮಗುವನ್ನೇ ಮುಟ್ಟಲು ಬಂದನೆಂದು ಅವರು ದಿಂಬೆತ್ತಿ ಓಡಿಸಿದರು.

ಕಾವಲನ್ನು ಕಿತ್ತೆಸೆದು, ಶುಕ್ರವಾರ ಹನ್ನೊಂದಕ್ಕೆ ಯಂತ್ರವನ್ನು ತುಂಬ ಚಾರ್ಜು ಮಾಡಿ ಕೈಗೆ ಕಟ್ಟಿಕೊಂಡ. ಇನ್ನು ಮೂರು ದಿನ ನೋಡುವಂತಿಲ್ಲ. ಅಯ್ಯೋ, ಆ ಸಂಕಟ ಶತ್ರುವಿಗೂ ಬೇಡ. ಬೆರಳು ತಾನಾಗಿ ಯಂತ್ರವನ್ನು ಎಬ್ಬಿಸುವ ಗುಂಡಿಯ ಕಡೆ ಹೋಗುತ್ತಿತ್ತು. ಯಂತ್ರದ ಮೇಲೆ ಕಾಲುಚೀಲ ಏರಿಸಿದ. ಅದೂ ಸಾಲದೆ ಮೇಲಿಂದ ಬ್ಯಾಂಡೇಜು ಸುತ್ತಿದ. ಕೈ ಮುರಿಯಿತೇ ಎಂದು ನೆರೆಯವರು ಕೇಳಿದಾಗ ಹೂಂ ಎಂದುಬಿಟ್ಟ. ವಿವರಿಸುವುದಕ್ಕಿಂತ ಅದೇ ಸುಲಭವಾಗಿತ್ತು.

ಸೋಮವಾರ ಮೇಡಂ ಎದುರು ಬ್ಯಾಂಡೇಜು ಬಿಚ್ಚಿದ. ಯಂತ್ರವನ್ನು ಆರಿಸಿಟ್ಟು ತಂದಿರಬಹುದೆಂದು ಅವರಿಗೆ ಅನುಮಾನ. ಗುಂಡಿ ಒತ್ತಿದರು. ನಾನೂರ ಮೂವತ್ತೆರಡು ನಾಡಿಯ ದಾಖಲೆ, ಒಂದೂ ತಪ್ಪಿರಲಿಲ್ಲ. ಬ್ಯಾಟರಿ ಇನ್ನೂ ನೂರಕ್ಕೆ ಮೂವತ್ತೊಂದು ಪಾಲು ಉಳಿದಿತ್ತು. ಜೋಗುಳನಿಗೆ ಅಳು ಬಂತು, ಸಂತೋಷದ್ದೇ.

ಮೇಡಂಗೂ ಖುಷಿಯೋ ಖುಷಿ. ಎಷ್ಟು ಖುಷಿಯೆಂದರೆ, ಒಂದೇ ಒಂದು ಸಣ್ಣ ಬದಲಾವಣೆ ಮಾಡಿಬಿಡೋಣ ಎಂದರು. ಯಂತ್ರ ಚೆನ್ನಾಗಿ ಮಲಗಿದೆಯೋ ಇಲ್ಲವೋ ಎಂದು ಸೆಕೆಂಡಿಗೊಂದು ವರದಿ ತಮ್ಮ ಫೋನಿಗೆ ಬರುತ್ತಿರಲಿ.

ಕೆಲಸಕ್ಕೆ ಸೇರಿದ ಒಂಬತ್ತು ವರ್ಷದಲ್ಲಿ ಜೋಗುಳ ಮೊದಲ ಬಾರಿಗೆ ಮೇಲಧಿಕಾರಿಗೆ ಎದುರಾಡಿದ.

“ವರದಿ ಬಂದ್ರೆ ನಿದ್ದೆ ಬರಲ್ಲ ಮೇಡಂ. ಎರಡರಲ್ಲಿ ಯಾವ್ದು ಬೇಕು ಹೇಳಿ.”