ಹೊಳೆಯದ ಸಾಲು

ನಾನು ಒಂದು ಟರ್ಮಿನಲ್. ನನ್ನನ್ನು ಕಂಪ್ಯೂಟರ್ ಎಂದು ಕರೆದರೆ ಅದು ನನಗೆ ಸಲ್ಲದ ಮರ್ಯಾದೆ. ಯೋಚಿಸುವ ಯಂತ್ರ ಬೇರೊಂದು ಕಟ್ಟಡದಲ್ಲಿತ್ತು. ಅದು ತಂತಿಯ ಮೂಲಕ ಕಳುಹಿಸಿದ ಅಕ್ಷರಗಳನ್ನು ತೋರಿಸುವುದಷ್ಟೇ ನನ್ನ ಕೆಲಸ. ನನ್ನನ್ನು ತಯಾರಿಸಿದವರು ಗಾಜಿನ ಒಳಮೈಗೆ ಒಂದೇ ಬಗೆಯ ಪುಡಿಯನ್ನು ಬಳಿದಿದ್ದರು. ಅದು ಹಸಿರಾಗಿ ಮಾತ್ರ ಬೆಳಗಬಲ್ಲದು. ಬೇರೆ ಬಣ್ಣಗಳು ನನ್ನ ಹಣೆಯಲ್ಲಿ ಬರೆದಿರಲಿಲ್ಲ.

ಕಲಬುರಗಿ ಸೀಮೆಯ ಒಂದು ಸಿಮೆಂಟ್ ಕಾರ್ಖಾನೆ ನನ್ನನ್ನು ಕೊಂಡಿತು. ಸುಣ್ಣದ ಕಲ್ಲು ಸಾಗಿಸುವ ಬೆಲ್ಟುಗಳನ್ನು ಚಾಲೂ ಮಾಡುವ ಕೋಣೆಯಲ್ಲಿ ನನಗೊಂದು ಮೇಜು ಸಿಕ್ಕಿತು. ಎದುರಿನ ಕುರ್ಚಿ ಆಪರೇಟರ್ ಮಹಾಂತಪ್ಪನದು. ಆತ ದಿನವೂ ಅಂಗವಸ್ತ್ರದ ಚುಂಗಿನಿಂದ ನನ್ನ ಮುಖದ ಧೂಳು ಒರೆಸಿ, ಅನಂತರವೇ ತನ್ನ ಮುಖ ಒರೆಸಿಕೊಳ್ಳುತ್ತಿದ್ದ.

ಒಂದು ಪಾಳಿಯವರು ಹೋಗುವಾಗ ಮುಂದಿನ ಪಾಳಿಗೆ ತಿಳಿಸಬೇಕಾದ್ದನ್ನು ಎಡಿಟರ್ ಎಂಬ ಬರೆಯುವ ಪ್ರೋಗ್ರಾಮಿನಲ್ಲಿ ಬರೆದಿಡುತ್ತಿದ್ದರು. ಅಪಾಯದ ಸಾಲಿನ ಮೊದಲಿಗೆ ಒಂದು ಗುರುತು ಹಾಕಿದರೆ ಎಡಿಟರ್ ಆ ಸಾಲನ್ನು ಹೊಳೆಯಿಸುತ್ತಿತ್ತು. ನನ್ನಲ್ಲಿ ಅದು ಹಸಿರು ಪಟ್ಟಿಯ ಮೇಲೆ ಕಪ್ಪು ಅಕ್ಷರವಾಗಿ ಎದ್ದು ಕಾಣುತ್ತಿತ್ತು. ಬರಹ ಪುಟಗಟ್ಟಲೆ ಇರುತ್ತಿದ್ದುದರಿಂದ ಎಲ್ಲವನ್ನೂ ಓದುವ ರೂಢಿ ಯಾರಿಗೂ ಇರಲಿಲ್ಲ. ಹೊಳೆಯುವ ಸಾಲನ್ನು ಓದಿ ಉಳಿದುದನ್ನು ಸರಿಸಿಬಿಡುತ್ತಿದ್ದರು. ದುರಸ್ತಿಯ ವೇಳೆ ಬೆಲ್ಟಿನ ಸ್ವಿಚ್ಚಿಗೆ ಬೀಗ ಹಾಕುವ ಪದ್ಧತಿಯೂ ಅಲ್ಲಿರಲಿಲ್ಲ. ಹೊಳೆಯುವ ಸಾಲೇ ಬೀಗ.

ಫಿಟ್ಟರ್ ಖಾಜಾಸಾಬ ಚಹಾ ತಂದಾಗಲೆಲ್ಲ ಇಣುಕುತ್ತಿದ್ದ.

"ಮಾಂತಪ್ಪಣ್ಣ, ನಿನ್ನ ಹಸರ ಪೆಟ್ಟಿಗಿ ಇವತ್ತೇನ ಅಂತದ?"

"ಖಾಜಾನ ಚಾದಾಗ ಸಕ್ಕರಿ ಇಲ್ಲ ಅಂತದ."

"ಅದಕ್ಕ ನಾಲಿಗಿ ಎಲ್ಲದಪಾ!"

ಇಬ್ಬರೂ ನಗುತ್ತಿದ್ದರು.

ಹೀಗಿರುವಾಗ ಕಚೇರಿಗೆ ಬಣ್ಣದ ಪರದೆಗಳು ಬಂದವು. ಅವುಗಳ ಹಿಂದೆಯೇ ಬಣ್ಣ ಬಲ್ಲ ಹೊಸ ಎಡಿಟರ್ ಕೂಡ ಬಂದಿತು. ಅದು ಯಂತ್ರದಲ್ಲಿ ಬರೆದಿಟ್ಟ ಪರದೆಯ ಮಾದರಿಯ ಹೆಸರನ್ನು ನೋಡಿ ನಡೆದುಕೊಳ್ಳುವ ಸಭ್ಯ ಪ್ರೋಗ್ರಾಮು. ಬಣ್ಣ ಬಲ್ಲ ಪರದೆಗೆ ಅಪಾಯದ ಸಾಲನ್ನು ಕೆಂಪಾಗಿ ಕಳುಹಿಸುತ್ತಿತ್ತು. ಬಣ್ಣ ಅರಿಯದವಕ್ಕೆ ಮೊದಲಿನಂತೆ ಪಟ್ಟಿ ಹೊಳೆಯಿಸುತ್ತಿತ್ತು. ನನ್ನ ನಿಜವಾದ ಹೆಸರನ್ನು ಹೇಳಿದ್ದರೆ ಅದು ನನ್ನ ಬಡತನವನ್ನು ಅರಿತುಕೊಳ್ಳುತ್ತಿತ್ತು. ಆದರೆ ಕಂಪ್ಯೂಟರ್ ವಿಭಾಗದ ವಾದಿರಾಜರು, ಪ್ರತಿಯೊಂದಕ್ಕೂ ಬೇರೆ ಹೆಸರೇಕೆಂದು, ಕಾರ್ಖಾನೆಯ ಎಲ್ಲ ಪರದೆಗಳಿಗೂ ಬಣ್ಣದ ಪರದೆಯ ಹೆಸರನ್ನೇ ಇಟ್ಟರು.

"ಸಾಹೇಬ್ರ, ನಮ್ಮದರಾಗ ಬಣ್ಣ ಬರವಲ್ದಲ್ರಿ?" ಎಂದು ಮಹಾಂತಪ್ಪ ಕೇಳಿದ.

"ಹಳೇ ಡಬ್ಬಿ ರೀ ಅದು. ಅಕ್ಷರ ಕಾಣ್ತವಲ್ಲ, ಸಾಕು ಬಿಡ್ರಿ."

ಅಕ್ಷರಗಳು ಕಾಣುತ್ತಿದ್ದುದು ನಿಜ. ಅಂದಿನಿಂದ ನನ್ನೊಳಗೆ 'ಕೆಂಪು' ಎಂಬ ಅಪ್ಪಣೆ ಬರತೊಡಗಿತು. ಪಾಲಿಸಲಾಗದ ಅಪ್ಪಣೆಯನ್ನು ನುಂಗಿಕೊಳ್ಳುವಂತೆ ನನ್ನನ್ನು ರಚಿಸಿದ್ದರು; ನುಂಗಿಕೊಂಡೆ. ಅಪಾಯದ ಸಾಲು ಉಳಿದ ಸಾಲುಗಳ ನಡುವೆ ಅವುಗಳಂತೆಯೇ ಹಸಿರಾಗಿ ನಿಂತಿತು.

"ಹೊಸಾದು ಬಂದಮ್ಯಾಲ ಕಾರ್ಖಾನಿ ಸುಧಾರಸೇದ ನೋಡು, ಖಾಜಾ. ಒಂದ ಸಾಲೂ ಹೊಳ್ಯಂಗಿಲ್ಲ" ಎಂದು ಮಹಾಂತಪ್ಪ ಸಂತೋಷಪಟ್ಟ. ಆ ಸಂತೋಷವನ್ನು ಕೆಡಿಸುವ ಶಕ್ತಿ ನನಗಿರಲಿಲ್ಲ.

ಒಂದು ಮಧ್ಯಾಹ್ನ ಮಹಾಂತಪ್ಪ ಪಾಳಿಗೆ ಬಂದು, ನನ್ನ ಮುಖ ಒರೆಸಿ, ಹಿಂದಿನ ಪಾಳಿಯ ಬರಹವನ್ನು ಸರಿಸತೊಡಗಿದ. ಅದರ ನಡುವೆ ಒಂದು ಸಾಲಿತ್ತು: 'ಮೂರನೆಯ ಬೆಲ್ಟಿನ ರೋಲರ್ ಬಿಚ್ಚಿದೆ. ಖಾಜಾಸಾಬ ಅಲ್ಲಿದ್ದಾನೆ. ಅವನ ಫೋನ್ ಬರುವ ತನಕ ಚಾಲೂ ಮಾಡಬಾರದು.' ಸಾಲಿನ ಜೊತೆಗೆ ಕೆಂಪಿನ ಅಪ್ಪಣೆಯೂ ಬಂದಿತು. ನನ್ನ ಮೈಯಲ್ಲಿರುವ ಪುಡಿಯೆಲ್ಲ ಉರಿದುಹೋದರೂ ಸರಿ, ಈ ಒಂದು ಸಾಲು ಕೆಂಪಾಗಲಿ ಎಂದು ಹಂಬಲಿಸಿದೆ. ಹಂಬಲಕ್ಕೆ ಬಣ್ಣ ಬರುವುದಿಲ್ಲ. ಸಾಲು ಹಸಿರಾಗಿಯೇ ಮೂಡಿತು, ಹಸಿರಾಗಿಯೇ ಮೇಲಕ್ಕೆ ಸರಿದು ನನ್ನ ಅಂಚನ್ನು ದಾಟಿಹೋಯಿತು. ಮಹಾಂತಪ್ಪನ ಕೈ ಸ್ವಿಚ್ಚಿನತ್ತ ಚಾಚಿತು.

ಖಾಜಾಸಾಬನ ಜೀವ ಉಳಿಯಿತು. ಬಲಗೈ ಮಣಿಕಟ್ಟಿನವರೆಗೆ ಹೋಯಿತು.

ವಿಚಾರಣೆ ಕಚೇರಿಯಲ್ಲಿ ನಡೆಯಿತು. ವಾದಿರಾಜರು ಅದೇ ಬರಹವನ್ನು ತಮ್ಮ ಪರದೆಯ ಮೇಲೆ ತೆರೆದರಂತೆ. ಸಾಲು ಕೆಂಡದಂತೆ ಕೆಂಪಾಗಿತ್ತಂತೆ. 'ಇಷ್ಟು ಕೆಂಪಗಿದ್ದರೂ ಕಾಣಲಿಲ್ಲವೇ?' ಎಂಬ ಪ್ರಶ್ನೆಗೆ, ಇಲ್ಲಿ ಕೆಂಪಗಿದ್ದದ್ದು ತನ್ನ ಪರದೆಯಲ್ಲಿ ಹೊಳೆದೇ ಇರಬೇಕೆಂದು ನಂಬಿ ಮಹಾಂತಪ್ಪ ತಲೆ ತಗ್ಗಿಸಿದನಂತೆ. ನನ್ನ ಮುಖವನ್ನು ನೋಡಿ ಬರೋಣವೆಂದು ಯಾರಿಗೂ ತೋಚಲಿಲ್ಲ. ಅವನನ್ನು ಆಪರೇಟರ್ ಕೆಲಸದಿಂದ ತೆಗೆದು ಚೀಲ ಹೊಲಿಯುವ ವಿಭಾಗಕ್ಕೆ ಹಾಕಿದರು. ಹಳೆಯ ಡಬ್ಬಿಯೆಂದು ನನ್ನನ್ನೂ ಕಿತ್ತು ಉಗ್ರಾಣದ ಮೂಲೆಗೆ ಸೇರಿಸಿದರು.

ಉಗ್ರಾಣ ಕಾಯುವವನು ಈಗ ಖಾಜಾಸಾಬ. ಎಡಗೈಯಿಂದ ಚಹಾ ಸೋಸುವುದನ್ನು ಕಲಿತಿದ್ದಾನೆ. ಮೊನ್ನೆ ಮಹಾಂತಪ್ಪ ಹೊಲಿಗೆಯ ದಾರ ಕೇಳಿಕೊಂಡು ಬಂದ. ಅಪಘಾತದ ಅನಂತರ ಅವರಿಬ್ಬರೂ ಎದುರುಬದುರಾಗಿ ನಿಂತಿದ್ದು ಅದೇ ಮೊದಲು.

"ಖರೇ ಹೇಳು, ಮಾಂತಪ್ಪಣ್ಣ" ಎಂದ ಖಾಜಾಸಾಬ. "ಅವತ್ತ ಆ ಸಾಲು ಹೊಳೀತಿತ್ತೇನು?"

ಮಹಾಂತಪ್ಪ ನನ್ನತ್ತ ತಿರುಗಿ ಬಹಳ ಹೊತ್ತು ನೋಡಿದ. ಇಲ್ಲ ಎನ್ನು, ನೀನು ಕಂಡದ್ದನ್ನೇ ಹೇಳು ಎಂದು ನನ್ನ ಖಾಲಿ ಗಾಜು ಬೇಡಿಕೊಂಡಿತು.

"ಹೊಳೀತಿತ್ತು ಅಂತ ಕಾಣಸ್ತದ, ಖಾಜಾ" ಎಂದ ಅವನು. "ಎಲ್ಲಾರೂ ನೋಡ್ಯಾರ. ನನ್ನ ಕಣ್ಣ ಎಲ್ಲಿತ್ತೋ."

ಖಾಜಾಸಾಬ ದಾರದ ಉಂಡೆಯನ್ನು ಮೇಜಿನ ಮೇಲಿಟ್ಟು, ಒಂದೇ ಲೋಟಕ್ಕೆ ಚಹಾ ಸೋಸಿಕೊಂಡ.

ಮಹಾಂತಪ್ಪ ಹೋಗುವ ಮುನ್ನ ರೂಢಿಯ ಮೇಲೆ ಅಂಗವಸ್ತ್ರದ ಚುಂಗಿನಿಂದ ನನ್ನ ಮುಖ ಒರೆಸಿದ. ಧೂಳು ಹೋಯಿತು. ಅದರಡಿಯಲ್ಲಿ ಅವನಿಗೆ ತೋರಿಸಲು ನನ್ನ ಬಳಿ ಏನೂ ಇರಲಿಲ್ಲ.